ಏಳು ನಿಮಿಷ ಮುಂದಿದ್ದ ಗಡಿಯಾರ

ಅಕ್ಕನ ಮನೆಯಲ್ಲಿ ಅವನಿಗೆ ಸಿಐಡಿ ಎಂದೇ ಹೆಸರು. ಪಾತ್ರೆಯಲ್ಲಿ ಹಾಲು ಒಂದು ಬೆರಳು ಇಳಿದಿದ್ದರೆ ಮೊದಲು ಭಾವನ ಮೀಸೆ ನೋಡುವವನು. ಒಮ್ಮೆ ಕನ್ನಡಕ ಕಾಣೆಯಾಯಿತೆಂದು ಮಹಡಿ ಮನೆಯವರ ಬಾಗಿಲು ತಟ್ಟಿ, ಅವರ ಕಣ್ಣಿನ ಓಡಾಟ ಸರಿಯಿಲ್ಲವೆಂದು ತೀರ್ಮಾನಿಸಿ ಇಳಿದು ಬಂದಾಗ, ಕನ್ನಡಕ ಅವನ ತಲೆಯ ಮೇಲಿತ್ತು. ಇಷ್ಟಾದರೂ ಅನುಮಾನಪಡುವುದನ್ನು ಬಿಟ್ಟವನಲ್ಲ. ಅವರು ಅದನ್ನು ನೋಡಿಯೂ ಯಾಕೆ ಹೇಳಲಿಲ್ಲ ಎಂಬ ಹೊಸ ಪ್ರಶ್ನೆ ಹುಟ್ಟಿಸಿಕೊಂಡ.

ಕೆಲಸ ಬಾಟಲಿ ಮುಚ್ಚಳ ಮಾಡುವ ಕಾರ್ಖಾನೆಯಲ್ಲಿ, ಕಂಪ್ಯೂಟರ್ ನೆಟ್‌ವರ್ಕ್ ನೋಡಿಕೊಳ್ಳುವುದು. ಸೇರಿ ಐದು ತಿಂಗಳು. ಇನ್ನೂ ಖಾಯಂ ಆಗಿರಲಿಲ್ಲ. ನೋಡಿಕೊಳ್ಳುವುದು ಎಂದರೆ, ಏನಾದರೂ ಕೆಟ್ಟಾಗ ವೈರನ್ನು ಕಿತ್ತು ಮತ್ತೆ ಅಲ್ಲೇ ಚುಚ್ಚಿ ಗಂಭೀರವಾಗಿ ನಿಲ್ಲುವುದು.

ಕಾರ್ಖಾನೆಯ ತೂಕದ ಯಂತ್ರ, ಲೇಬಲ್ ಪ್ರಿಂಟರ್, ಕಂಪ್ಯೂಟರುಗಳೆಲ್ಲ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕೇಳುವ ಪ್ರಶ್ನೆ ಒಂದೇ: ನನ್ನ ನಂಬರ್ ಎಷ್ಟು? ಸರ್ವರ್ ಕೋಣೆಯ ಒಂದು ಹಳೇ ಪೆಟ್ಟಿಗೆ, ಲಾಡ್ಜಿನ ಗುಮಾಸ್ತ ರೂಮಿನ ಬೀಗದಕೈ ಕೊಟ್ಟ ಹಾಗೆ, ತಾನಾಗಿಯೇ ಎಲ್ಲರಿಗೂ ನಂಬರ್ ಹಂಚುತ್ತಿತ್ತು. ಹೋದ ತಿಂಗಳು ಅರ್ಧ ದಿನ ಅದು ಮಲಗಿತು. ನಂಬರ್ ಸಿಗದ ಲೇಬಲ್ ಪ್ರಿಂಟರುಗಳು ಬಾಯಿ ಬಿಡಲಿಲ್ಲ, ಲಾರಿಗಳು ಗೇಟಿನಲ್ಲೇ ನಿಂತವು.

ಮ್ಯಾನೇಜರು ಅವನನ್ನು ಕರೆಸಿದರು. "ಇನ್ನೊಂದು ಸರ್ವರ್ ಹಾಕು. ಒಂದು ಬಿದ್ದರೆ ಇನ್ನೊಂದು ಎತ್ಕೋಬೇಕು. ಶುಕ್ರವಾರ ನಾನೇ ಬಂದು ಹಳೇದರ ವೈರು ಕೀಳ್ತೀನಿ. ಯಾರಿಗೂ ಗೊತ್ತಾಗಬಾರದು. ಗೊತ್ತಾಗಲಿಲ್ಲ ಅಂದ್ರೆ ನಿನ್ನ ಖಾಯಂ ಕಾಗದಕ್ಕೆ ಅಲ್ಲೇ ಸಹಿ."

"ಗೊತ್ತಾದರೆ ಸರ್?"

"ಆಗ ನಿನಗೂ ಗೊತ್ತಾಗುತ್ತೆ."

ಸರ್ವರ್ ಕೋಣೆ ಹದಿನೆಂಟು ವರ್ಷದಿಂದ ಬೀಗದಣ್ಣನ ಕೈಯಲ್ಲಿತ್ತು. ಸೊಂಟದಲ್ಲಿ ಬೀಗದಕೈ ಗೊಂಚಲು, ಕೇಳಿದ್ದಕ್ಕೆ ಅರ್ಧ ಉತ್ತರ. ಎರಡನೇ ಸರ್ವರನ್ನು ಕಂಡಾಗ ಅದನ್ನೂ ಇವನನ್ನೂ ಒಂದೇ ನೋಟದಲ್ಲಿ ಅಳೆದ.

"ಎರಡನೇದು ಯಾಕೆ? ಮೊದಲನೇದನ್ನ ತೆಗೆಯೋಕಾ?"

"ಅಲ್ಲಣ್ಣ, ಜೊತೆಗೆ ಇರೋಕೆ."

"ಜೊತೆಗೆ ಇರೋಕೆ ಅಂತಲೇ ಎಲ್ಲರೂ ಬರೋದು," ಎಂದ ಬೀಗದಣ್ಣ. "ಏನು ಬೇಕಾದರೂ ಮಾಡ್ಕೋ. ಹಳೇದರ ಗಡಿಯಾರಕ್ಕೆ ಮಾತ್ರ ಕೈ ಹಚ್ಚಬೇಡ."

ಸಿಐಡಿಗೆ ಇಂಥ ಮಾತು ಹೇಳಬಾರದು.

ಸೋಮವಾರ ಅವನು ಎರಡನ್ನೂ ಜೋಡಿಸಲು ಕೂತ. ಹೊಸದು ಒಪ್ಪಲಿಲ್ಲ. ಇಬ್ಬರು ಗುಮಾಸ್ತರು ಒಂದೇ ರಿಜಿಸ್ಟರ್ ಇಟ್ಟುಕೊಳ್ಳಬೇಕಾದರೆ ಇಬ್ಬರ ಗಡಿಯಾರವೂ ಒಂದೇ ಹೊತ್ತು ತೋರಿಸಬೇಕು. ಯಾವ ನಂಬರ್ ಯಾವಾಗ ಕೊಟ್ಟದ್ದು, ಯಾವಾಗ ವಾಪಸ್ ಬರಬೇಕು ಎಂಬುದೇ ವ್ಯವಹಾರ. ಒಂದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಇವನು ನನ್ನ ಜೊತೆಗಾರನೇ ಅಲ್ಲ ಎಂದುಬಿಡುತ್ತವೆ. ಹಳೇದು ಏಳು ನಿಮಿಷ ಮುಂದಿತ್ತು. ಕಾರ್ಖಾನೆಯ ಸೈರನ್ನೂ ಕೆಲಸಗಾರರ ಹಾಜರಿ ಯಂತ್ರವೂ ಅದರ ಗಡಿಯಾರವನ್ನೇ ನಂಬಿದ್ದವು. ಆಫೀಸಿನವರಿಗೆ ಹಾಜರಿ ಯಂತ್ರವಿಲ್ಲ, ಒಳಗೆ ಸೈರನ್ ಕೇಳುವುದಿಲ್ಲ. ಹಾಗಾಗಿ ಐದು ತಿಂಗಳಿಂದ ಇವನ ಪತ್ತೇದಾರಿ ಮೂಗಿಗೆ ಇದು ಬಡಿದೇ ಇರಲಿಲ್ಲ.

ಮಧ್ಯಾಹ್ನ ಬೀಗದಣ್ಣ ಊಟಕ್ಕೆ ಹೋದಾಗ ಗಡಿಯಾರವನ್ನು ಸರಿಮಾಡಿದ. ಎರಡೂ ಸರ್ವರುಗಳು ತಕ್ಷಣ ಕೈಕುಲುಕಿದವು.

ಮಂಗಳವಾರ ಬೆಳಿಗ್ಗೆ ಬಂದು ನೋಡಿದರೆ ಜೋಡಿ ಮುರಿದಿತ್ತು. ಹಳೇದು ಮತ್ತೆ ಏಳು ನಿಮಿಷ ಮುಂದೆ. ಹಿಂದಿನ ಸಂಜೆ ಬೀಗದಣ್ಣನ ಹೆಸರಿನಲ್ಲೇ ಯಾರೋ ಒಳಹೊಕ್ಕು ಮುಳ್ಳು ತಿರುಗಿಸಿದ ದಾಖಲೆಯಿತ್ತು. ಅದರ ಫೋಟೋ ತೆಗೆದುಕೊಂಡ. ಗೇಟಿನಲ್ಲಿ ಪ್ಯಾಕಿಂಗ್ ವಿಭಾಗದ ಹೆಂಗಸರು ಬೇರೆ ಇವನನ್ನು ತಿನ್ನುವ ಹಾಗೆ ನೋಡಿದ್ದರು. ಅವರಿಗೂ ಬೀಗದಣ್ಣ ತನ್ನ ಬಗ್ಗೆ ಇಲ್ಲಸಲ್ಲದ್ದು ಊದಿದ್ದಾನೆ ಎಂದು ಅದನ್ನೂ ಲೆಕ್ಕಕ್ಕೆ ಸೇರಿಸಿಕೊಂಡ.

ಸಂಜೆ ಊಟದ ತಟ್ಟೆಯ ಮುಂದೆ ಕೇಸು ಬಿಚ್ಚಿಟ್ಟ. "ದಿನಾ ಏಳು ನಿಮಿಷ ಮುಂಚೆ ಮನೆಗೆ ಓಡ್ತಾನೆ ಅಕ್ಕ. ಜೊತೆಗೆ ನನ್ನ ಖಾಯಂ ಕೆಲಸಕ್ಕೂ ಕಲ್ಲು."

"ಓಡೋದನ್ನ ನೋಡಿದ್ಯಾ?" ಎಂದಳು ಅಕ್ಕ.

"ನೋಡಬೇಕಾ? ಸಾಕ್ಷಿ ಇದೆ."

"ಹಾಲು ಕುಡಿದದ್ದಕ್ಕೂ ನನ್ನ ಮೀಸೆ ಸಾಕ್ಷಿ ಇತ್ತು," ಎಂದ ಭಾವ. "ಹೋಗಿ ನೋಡ್ಕೊಂಡು ಬಾ ಮಾರಾಯ. ಆಮೇಲೆ ಮ್ಯಾನೇಜರ ಹತ್ತಿರ ಚಾಡಿ ಹೇಳುವಿಯಂತೆ."

ಬುಧವಾರ ಸಂಜೆ ಸಿಐಡಿ ಗೇಟಿನ ಪಕ್ಕದ ನೀರಿನ ಟ್ಯಾಂಕಿನ ಹಿಂದೆ ಅವಿತು ಕುಳಿತ. ಕೈಗಡಿಯಾರ ಐದು ಇಪ್ಪತ್ತಮೂರು ತೋರಿಸಿದಾಗ, ಐದೂವರೆಗೆ ಕೂಗಬೇಕಾದ ಸೈರನ್ ಕೂಗಿತು. ಪ್ಯಾಕಿಂಗ್ ವಿಭಾಗದಿಂದ ನಲವತ್ತು ಹೆಂಗಸರು ಸೆರಗು ಸಿಕ್ಕಿಸಿಕೊಂಡು ಧಾವಿಸಿ ಬಂದು ರಸ್ತೆ ದಾಟಿದರು. ಐದು ಮೂವತ್ತಕ್ಕೆ ಬಸ್ಸು ಬಂತು, ಅವರನ್ನು ತುಂಬಿಕೊಂಡು ಹೋಯಿತು. ಬೀಗದಣ್ಣ ಬರಲಿಲ್ಲ. ಐದೂಮುಕ್ಕಾಲಾದರೂ ಬರಲಿಲ್ಲ. ಸರ್ವರ್ ಕೋಣೆಯ ದೀಪ ಉರಿಯುತ್ತಲೇ ಇತ್ತು. ಕದಿಯಬೇಕಾದವನು ಸ್ಥಳದಲ್ಲಿಲ್ಲದ ಕಳ್ಳತನವನ್ನು ಸಿಐಡಿ ಮೊದಲ ಸಲ ನೋಡುತ್ತಿದ್ದ.

"ಯಾರದು ಟ್ಯಾಂಕಿನ ಹಿಂದೆ?" ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ, ಬಾಗಿಲು ಹಾಕಿಸಿ ಕೊನೆಗೆ ಹೊರಡುವಾಕೆ, ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. "ಓ, ಗಡಿಯಾರ ರಿಪೇರಿಯವರು! ಸೋಮವಾರ ನನ್ನ ಹುಡುಗಿಯರನ್ನ ಒಂದೂಕಾಲು ಗಂಟೆ ಬಸ್‌ಸ್ಟಾಪಿನಲ್ಲಿ ನಿಲ್ಲಿಸಿದ ಪುಣ್ಯಾತ್ಮ ನೀನೇ ತಾನೆ?"

"ನಾನೇನು ಮಾಡಿದೆ ಅಕ್ಕ?"

"ಸರಿ ಮಾಡಿದೆ! ಬಸ್ಸಿನವರು ಹೊತ್ತು ಬದಲಿಸಿದರು. ಸೈರನ್ ಆಗಿ ರಸ್ತೆ ದಾಟೋದರೊಳಗೆ ಅದು ಮುಂದಿನ ತಿರುವಿನಲ್ಲಿರೋದು. ಇನ್ನೊಂದು ಬರಬೇಕಾದರೆ ಒಂದೂಕಾಲು ಗಂಟೆ. ಮ್ಯಾನೇಜರ್ ಸಾಹೇಬರನ್ನ ಕೇಳಿದ್ವಿ. ಪಾಳಿಯ ಹೊತ್ತು ನನ್ನ ಕೈಲಿಲ್ಲ ಅಂದರು. ಬೀಗದಣ್ಣನ ಕೈಲಿತ್ತು. ಬೆಳಿಗ್ಗೆ ಏಳು ನಿಮಿಷ ಮುಂಚೆ ಬರ್ತೀವಿ, ಸಂಜೆ ಏಳು ನಿಮಿಷ ಮುಂಚೆ ಹೋಗ್ತೀವಿ. ಯಾರಪ್ಪನ ಗಂಟು ತಿಂದಿದ್ದೀವಿ ಹೇಳು?"

ಅವನ ಮುಖ ತೊಳೆದಿಟ್ಟ ತಟ್ಟೆಯಂತಾಯಿತು. ಜೇಬಿನಲ್ಲಿದ್ದ ಸಾಕ್ಷಿ ತೂಕದ ಕಲ್ಲಿನ ಹಾಗೆ ಜಗ್ಗಿತು. ಅಲ್ಲೇ ನಿಂತು ಫೋಟೋ ಅಳಿಸಿದ.

ಅಳಿಸಿದರೇನು? ಶುಕ್ರವಾರಕ್ಕೆ ನಡುವೆ ಇನ್ನು ಒಂದೇ ದಿನ. ಗಡಿಯಾರ ಸರಿಮಾಡಿದರೆ ನಲವತ್ತು ಜನರ ಬಸ್ಸು ಹೋಗುತ್ತದೆ. ಬಿಟ್ಟರೆ ಸರ್ವರುಗಳು ಜೊತೆಯಾಗುವುದಿಲ್ಲ, ಇವನ ಕೆಲಸ ಹೋಗುತ್ತದೆ. ಗುರುವಾರವಿಡೀ ತಲೆ ಕೆರೆದು ಕೆರೆದು, ಮೂರು ಗಂಟೆಯ ಸುಮಾರಿಗೆ ಅವನಿಗೆ ಹೊಳೆದದ್ದು ಒಂದು ಸಣ್ಣ ವಿಷಯ. ಅವುಗಳಿಗೆ ನಿಜವಾದ ಹೊತ್ತು ಬೇಕಾಗಿಯೇ ಇಲ್ಲ. ಇಬ್ಬರೂ ಒಂದೇ ಹೊತ್ತು ಹೇಳಿದರೆ ಸಾಕು. ಹೊಸ ಸರ್ವರಿನ ಗಡಿಯಾರವನ್ನು ಏಳು ನಿಮಿಷ ಮುಂದಕ್ಕೆ ತಳ್ಳಿದ. ಇನ್ನು ಮುಂದೆ ಹಳೇದರ ಮುಖ ನೋಡಿಯೇ ಹೊತ್ತು ತಿಳಿದುಕೋ ಎಂದು ಅದಕ್ಕೆ ಕಟ್ಟಪ್ಪಣೆಯನ್ನೂ ಬರೆದ. ಜೋಡಿ ಕೂಡಿತು.

ಬಾಗಿಲಲ್ಲಿ ಬೀಗದಣ್ಣ ನಿಂತಿದ್ದ. ಎಷ್ಟು ಹೊತ್ತಿನಿಂದಲೋ.

"ಮ್ಯಾನೇಜರ್ ಕಡೆಯವನು ಅಂದ್ಕೊಂಡಿದ್ದೆ ನಿನ್ನ," ಎಂದ.

"ನಾನು ನಿಮ್ಮನ್ನ ಕಳ್ಳ ಅಂದ್ಕೊಂಡಿದ್ದೆ ಅಣ್ಣ."

"ಸರಿ ಹೋಯ್ತು ಬಿಡು," ಎಂದ ಬೀಗದಣ್ಣ. ಇಬ್ಬರೂ ನಗಲಿಲ್ಲ.

ಶುಕ್ರವಾರ ಮ್ಯಾನೇಜರು ಬಂದು ಹಳೇ ಸರ್ವರಿನ ವೈರನ್ನು ಹಲ್ಲು ಕೀಳುವ ಹಾಗೆ ಕಿತ್ತರು. ಇವನು ಒಂದು ಲೇಬಲ್ ಪ್ರಿಂಟರನ್ನು ಆರಿಸಿ ಮತ್ತೆ ಹಚ್ಚಿದ. ಅದು ನಂಬರ್ ಕೇಳಿತು. ಒಂದು ಉಸಿರು, ಎರಡು ಉಸಿರು. ಹೊಸದು ಕೊಟ್ಟಿತು. ಲೇಬಲ್ ನಾಲಿಗೆಯ ಹಾಗೆ ಉದ್ದಕ್ಕೆ ಹೊರಗೆ ಚಾಚಿತು.

ಮ್ಯಾನೇಜರು ಆ ಲೇಬಲನ್ನು ಹರಿದು ಕಣ್ಣಿನ ಹತ್ತಿರ ಹಿಡಿದರು. ಅದರ ಮೂಲೆಯಲ್ಲಿ ಹೊತ್ತು ಅಚ್ಚಾಗಿತ್ತು. ಕೈಗಡಿಯಾರ ನೋಡಿಕೊಂಡರು; ಅದು ಹನ್ನೊಂದು ಮೂರು ತೋರಿಸುತ್ತಿತ್ತು. "ಇದೇನಯ್ಯ, ಹನ್ನೊಂದು ಹತ್ತು ಅಂತಿದೆ?"

ಬೀಗದಣ್ಣನ ಗೊಂಚಲು ಸದ್ದು ನಿಲ್ಲಿಸಿತು. ಖಾಯಂ ಕಾಗದ ಮ್ಯಾನೇಜರ ಕಂಕುಳಲ್ಲಿತ್ತು, ಸಹಿಯಿಲ್ಲದೆ.

"ಎರಡೂ ಸರ್ವರುಗಳು ಅದನ್ನೇ ಹೇಳ್ತಿವೆ ಸರ್," ಎಂದ ಸಿಐಡಿ. "ಒಂದಕ್ಕೊಂದು ತಾಳೆ ನೋಡ್ಕೊಳ್ತವೆ."

ಸುಳ್ಳೇನಲ್ಲ. ಮ್ಯಾನೇಜರು ಬೀಗದಣ್ಣನತ್ತ ನೋಡಿದರು. ಹದಿನೆಂಟು ವರ್ಷದಲ್ಲಿ ಮೊದಲ ಸಲ ಬೀಗದಣ್ಣ ಪೂರ್ತಿ ಉತ್ತರ ಕೊಟ್ಟ. "ಹೌದು ಸರ್, ಎರಡೂ ಒಂದೇ."

ಮ್ಯಾನೇಜರು ಕೈಗಡಿಯಾರವನ್ನು ಕಿವಿಗೆ ಹಿಡಿದು ಕೇಳಿದರು, ಎರಡು ಸಲ ಕುಟ್ಟಿದರು, ಸೆಲ್ ಹೋಗಿದೆಯೋ ಏನೋ ಎಂದು ಗೊಣಗಿದರು. ಆಮೇಲೆ ಕಾಗದವನ್ನು ಪ್ರಿಂಟರಿನ ಮೇಲಿಟ್ಟು ಸಹಿ ಹಾಕಿದರು.

ಶನಿವಾರ ಬೆಳಿಗ್ಗೆ ಖಾಯಂ ನೌಕರ ಸಿಐಡಿ ಎಲ್ಲರಿಗಿಂತ ಮೊದಲು ಸರ್ವರ್ ಕೋಣೆಗೆ ಬಂದ. ತನ್ನ ಕೆಲಸ ಖಾಯಂ ಆದ ಮೇಲೆ ಬೀಗದಣ್ಣ ಏನಾದರೂ ತಿರುಗಿಸಿರಬಹುದೇ ಎಂದು ನೋಡಬೇಕಿತ್ತು. ಬೀಗ ಆಗಲೇ ತೆಗೆದಿತ್ತು. ಒಳಗೆ ಬೀಗದಣ್ಣ ಹೊಸ ಸರ್ವರಿನ ಪರದೆಗೆ ಮೂಗು ತಾಗಿಸಿ ನಿಂತಿದ್ದ.

"ಸುಮ್ಮನೆ ನೋಡೋಣ ಅಂತ ಬಂದೆ," ಎಂದ ಬೀಗದಣ್ಣ.

"ನಾನೂ ಅದಕ್ಕೇ ಅಣ್ಣ," ಎಂದು ಅವನು ಹಳೇದರ ಮುಂದೆ ಬಗ್ಗಿದ.