ಭಾನುವಾರ ಕ್ಯಾಮೆರಾ ಸದ್ದು ಮಾಡಬಾರದು

ಕೊಯ್ಲು ಮುಗಿದ ಮುಸುಕಿನ ಜೋಳದ ಹೊಲದಲ್ಲಿ ಸಾವಿರಾರು ಕ್ರೌಂಚ ಪಕ್ಷಿಗಳು ಇಳಿದು, ಮದುವೆಮನೆಯ ವಾಲಗದವರೆಲ್ಲ ಒಟ್ಟಿಗೆ ಊದಿದ ಹಾಗೆ ಕಿರುಚುತ್ತಿದ್ದವು. ನಾನೂ ಉಡುಪಿಯ ಗೆಳೆಯ ಇರ್ಫಾನನೂ ಜರ್ಮನಿಯಲ್ಲಿ ನಾವಿರುವ ಡಾರ್ಮ್‌ಸ್ಟಾಟ್‌ನಿಂದ ಐದು ಗಂಟೆ ಕಾರು ಓಡಿಸಿಕೊಂಡು ಬಂದದ್ದೇ ಈ ಹಕ್ಕಿಗಳ ಫೋಟೋ ತೆಗೆಯಲಿಕ್ಕೆ. ನಾಲ್ಕು ಸಲ ಕ್ಲಿಕ್ ಮಾಡಿರಬಹುದು, ಹೊಲದ ಎದುರಿನ ಮನೆಯ ಅಜ್ಜ ಮನೆಯೊಳಗಿನ ಚಪ್ಪಲಿಯಲ್ಲೇ ಓಡಿ ಬಂದರು.

"ಇವತ್ತು ಭಾನುವಾರ, ರೂಹೆತ್ಸೈಟ್, ನಿಶ್ಶಬ್ದದ ಹೊತ್ತು! ಸದ್ದು ಮಾಡಬಾರದು. ನಿಮ್ಮ ಕ್ಯಾಮೆರಾ ಟಕಟಕ ಅಂತಿದೆ!" ಎಂದು ಕೂಗಿದರು. ಕೂಗದಿದ್ದರೆ ಆ ಗಲಾಟೆಯಲ್ಲಿ ನನಗೆ ಕೇಳಿಸುತ್ತಲೂ ಇರಲಿಲ್ಲ.

"ಮತ್ತೆ ಇವು?" ಅಂತ ಹೊಲದ ಕಡೆ ಕೈ ತೋರಿಸಿದೆ.

"ಅವು ದಾರಿಹೋಕರು. ನಿಯಮ ಇರುವುದು ಇಲ್ಲಿಯವರಿಗೆ."

"ನಾವೂ ದಾರಿಹೋಕರೇ, ಇಂಡಿಯಾದವರು."

ಅಜ್ಜ ನಮ್ಮ ಕಾರಿನ ನಂಬರ್ ಪ್ಲೇಟ್ ಬಗ್ಗಿ ನೋಡಿದರು. "ಡಾರ್ಮ್‌ಸ್ಟಾಟ್ ಗಾಡಿ. ನೀವು ಇಲ್ಲಿಯವರೇ."

"ಮಾರಾಯ, ಕ್ಯಾಮೆರಾ ಒಳಗಿಡು," ಅಂದ ಇರ್ಫಾನ್.

ಇಟ್ಟೆ. ಆರು ವರ್ಷದಿಂದ ಈ ದೇಶದ ಪೌರತ್ವಕ್ಕಾಗಿ ಕಚೇರಿ ಅಲೆಯುತ್ತಿರುವ ನನ್ನನ್ನು ಇಲ್ಲಿಯವನು ಅಂತ ಒಪ್ಪಿಕೊಂಡವರು ಇವರೊಬ್ಬರೇ. "ಅದನ್ನೇ ಒಂದು ಕಾಗದದಲ್ಲಿ ಬರೆದು ಕೊಡ್ತೀರಾ?" ಅಂತ ಕೇಳಿಯೇಬಿಟ್ಟೆ.

ಅಜ್ಜ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. "ಭಾನುವಾರವಾ?"