ಉಡಿ ತುಂಬಿದ ದೋಣಿ

ನಾನು ಚಿಕ್ಕವನಿದ್ದಾಗ ದೋಣಿಯಲ್ಲಿ ಯಾರೂ ನಿದ್ದೆ ಮಾಡುವಂತಿರಲಿಲ್ಲ, ಮಕ್ಕಳೇ. ನವಿಲುತೀರ್ಥದ ಹಿನ್ನೀರಿನಲ್ಲಿ ಅಪ್ಪ ದೋಣಿ ನಡೆಸುತ್ತಿದ್ದ. ಸವದತ್ತಿ ಸಂತೆಗೆ ಹೋಗುವವರು, ಅವರ ಆಡುಗಳು, ಜೋಳದ ಚೀಲಗಳು ಎಲ್ಲವೂ ಅದರಲ್ಲೇ ದಾಟಬೇಕಿತ್ತು. ಯಾರಾದರೂ ತೂಕಡಿಸಿದರೆ, ದೋಣಿಗೆ ಭಾರ ಹೆಚ್ಚಿತೆಂದು ಅಪ್ಪ ಹುಟ್ಟಿನಿಂದ ನೀರು ಚಿಮ್ಮಿಸುತ್ತಿದ್ದ. "ಏಳ್ರಿ ಯಜಮಾನ್ರ. ನಿದ್ದಿ ಮಾಡಿದವ್ರು ದೋಣಿಗೆ ಭಾಳ ವಜ್ಜಾ ಆಗತಾರ."

ಆಮೇಲೆ ಸೇತುವೆಯಾಯಿತು, ಬಸ್ಸು ಬಂತು, ದೋಣಿ ದಡ ಸೇರಿತು. ಅದನ್ನು ಒಡೆದು ಬಾಗಿಲು ಮಾಡಿಕೋ ಎಂದು ಅಪ್ಪ ಊರ ಬಡಿಗನಿಗೆ ಮಾತು ಕೊಟ್ಟ.

ಬಡಿಗ ಬಂದ ದಿನ ನನಗೆ ನೆನಪಿದೆ, ನೆನಪಿದೆ ಎಂದುಕೊಂಡಿದ್ದೇನೆ. ಬಿಸಿಲಿಗೆ ಕಾದ ಡಾಂಬರಿನ ವಾಸನೆ, ಕಾಲಡಿ ಬಿರುಕು ಬಿಟ್ಟ ಕೆಸರು, ಕೊಡಲಿಯ ಅಲಗಿಗೆ ಕಲ್ಲು ಉಜ್ಜುವ ಸದ್ದು. ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಅಪ್ಪನೂ ಯಾರದೋ ದೋಣಿಯೆಂಬಂತೆ ನೋಡುತ್ತ ನಿಂತಿದ್ದ.

ತವರಿಗೆ ಬಂದಿದ್ದ ಅಕ್ಕ ಅವತ್ತೇ ಗಂಡನ ಮನೆಗೆ ಹೊರಟಿದ್ದಳು. ಮಗಳನ್ನು ಬರಿಗೈಲಿ ಕಳಿಸಬಾರದೆಂದು ಅವ್ವ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನ ಕೊಂಬು, ಕುಪ್ಪಸದ ಖಣ ಹಾಕಿ ಉಡಿ ತುಂಬಿದ್ದಳು. ಬಸ್ಸಿನ ಕಡೆ ನಡೆದಿದ್ದ ಅಕ್ಕ ದಡಕ್ಕೆ ಇಳಿದು ಬಂದು, ಉಡಿಯಲ್ಲಿದ್ದುದನ್ನೆಲ್ಲ ದೋಣಿಯೊಳಗೆ ಸುರಿದಳು.

"ಏನವಾ ಇದು?" ಅಂದ ಅಪ್ಪ.

"ನಾನೂ ಈ ಮನಿ ಮಗಳು, ಇಕೀನೂ ಈ ಮನಿ ಮಗಳು. ಬರೇ ಉಡೀಲೆ ಕಳಸ್ತೀಯೇನು?"

ಬಡಿಗ ಕೊಡಲಿ ಕೆಳಗಿಟ್ಟ. "ಉಡಿ ತುಂಬಿದಾಕಿ ಮ್ಯಾಲೆ ಕೊಡಲಿ ಎತ್ತಂಗಿಲ್ಲರಿ. ಅಕ್ಕಾರು ಮೊದಲ ಹೇಳಿದ್ರ ಅಲಗರ ಮಸಿತಿದ್ದಿಲ್ಲ ನಾ."

"ಮಾತು ಕೊಟ್ಟೇನಲ್ಲೋ."

"ನನಗ ಕೊಟ್ಟಿದ್ರಿ. ತಗೋರಿ, ವಾಪಸ್ ಕೊಟ್ಟೆ."

ಅಕ್ಕ ಖಾಲಿ ಸೆರಗು ಕೊಡವಿಕೊಂಡು ಬಸ್ಸು ಹತ್ತಿದಳು. ಖಣ ಹಸಿರಾಗಿತ್ತೆಂದು ನಾನು, ಕೆಂಪೆಂದು ಅಕ್ಕ, ಕಡೆಯವರೆಗೂ ವಾದ ಮಾಡಿದೆವು. ಅಪ್ಪ ಅತ್ತನೆಂದು ಎಷ್ಟೋ ಜನರಿಗೆ ಹೇಳಿದ್ದೇನೆ. ನಿಜಕ್ಕೂ ನನಗೆ ಕಂಡದ್ದು ಅವನ ಬೆನ್ನು ಮಾತ್ರ.

ಅಪ್ಪ ಬದುಕಿರುವ ತನಕ ದೋಣಿಗೆ ಪ್ರತಿ ಬೇಸಿಗೆ ಎಣ್ಣೆ ಬಳಿದ. ಆಮೇಲೆ ಅದರ ನೆರಳಿನಲ್ಲಿ ಆಡುಗಳು ಮಲಗಿದವು. ಕೆಲ ಕಾಲ ಚಹಾದಂಗಡಿಯೂ ಆಯಿತು. ಈಚೆಗೆ ಯಾರೋ ಅದನ್ನು ಸಿಮೆಂಟಿನ ಕಟ್ಟೆಯ ಮೇಲೆ ಕೂರಿಸಿ, ಹಲಗೆಗಳನ್ನು ತಿಕ್ಕಿ, ಛಾವಣಿ ಹಾಕಿ ವಸತಿಗೃಹ ಮಾಡಿದ್ದಾರೆ. ಅಕ್ಕ ಉಡಿ ಸುರಿದ ಜಾಗದಲ್ಲಿ ಈಗ ಮೆತ್ತನೆಯ ಹಾಸಿಗೆಯಿದೆ. ತಲೆಯ ಬಳಿ ನಿಮ್ಮ ಫೋನಿಗೆ ಚಾರ್ಜರ್ ಇದೆ.

ಹೋದ ವಾರ ನೀವು ನನ್ನನ್ನು ಅಲ್ಲಿಗೆ ಕರೆದೊಯ್ದಿರಿ. ಅಪ್ಪನ ದೋಣಿಯಲ್ಲಿ ನಿದ್ದೆ ತಪ್ಪಾಗಿತ್ತು. ನಿಮ್ಮ ಕಾಲದ ದೋಣಿಗೆ ಜನ ನಿದ್ದೆಗೆಂದೇ ಬರುತ್ತಾರೆ. ಬೆಳಿಗ್ಗೆ ನೀವು ಕಣ್ಣುಜ್ಜುತ್ತ, "ಅಜ್ಜಾ, ನಿದ್ದಿ ಹತ್ತಿತೇನು?" ಅಂದಿರಿ. ಹೂಂ ಅಂದೆ. ನಾನು ಮಲಗಿರಲೇ ಇಲ್ಲ. ಹಲಗೆಗೆ ಬೆನ್ನು ಕೊಟ್ಟು, ವಜ್ಜಾ ಆಗದ ಹಾಗೆ ಕೂತಿದ್ದೆ.