ಬುರುಲ್ಚಾ ಎಜೆ ಕಾಳು ಬೇಯಿಸಿದ ದಿನ

ನಮ್ಮ ಬೀದಿಯಲ್ಲಿ ಬುರುಲ್ಚಾ ಎಜೆಗೆ, ಅಂದರೆ ಬುರುಲ್ಚಾ ಅಕ್ಕನಿಗೆ, ಹೆದರದವರು ಯಾರೂ ಇಲ್ಲ, ಸಾಯ್ಕಲ್ ಅನ್ನೋ ಹೆಸರಿನ ನನ್ನನ್ನೂ ಸೇರಿಸಿಯೇ ಹೇಳುತ್ತೇನೆ. ಇಪ್ಪತ್ತೆರಡು ವರ್ಷ ಊರಿನ ಶಿಶುವಿಹಾರದಲ್ಲಿ ಅಡುಗೆ ಮಾಡಿದ ಹೆಂಗಸು. ಈಗ ಮೀಸೆ ತಿರುವಿಕೊಂಡು ಕುದುರೆ ಹತ್ತಿ ತಿರುಗುವ ಗಂಡಸರನ್ನೆಲ್ಲ ಒಂದು ಕಾಲಕ್ಕೆ ಬಟ್ಟಲು ಖಾಲಿಯಾಗುವ ತನಕ ಬೆಂಚಿನಿಂದ ಏಳಗೊಡದವಳು. ಅವರು ಇವತ್ತಿಗೂ ಅವಳೆದುರು ಬಂದರೆ ಟೋಪಿ ಸರಿಮಾಡಿಕೊಳ್ಳುತ್ತಾರೆ.

ತಲಾಸ್ ಕಣಿವೆಯ ನಾವು ಬೆಳೆಯುವುದು ಬೀನ್ಸ್ ಕಾಳು, ತಿನ್ನುವುದು ಮಾಂಸ ಮತ್ತು ಹಿಟ್ಟು. ಕಾಳು ತುರ್ಕಿಗೆ ಹೋಗುತ್ತದೆ, ಅಲ್ಲಿಂದ ಇನ್ನೆಲ್ಲಿಗೋ ಹೋಗುತ್ತದೆ, ನಮ್ಮ ಒಲೆಯ ಮೇಲೆ ಮಾತ್ರ ಬರುವುದಿಲ್ಲ. ಎಜೆಯ ಗಂಡ ಕದಿರ್‌ಕುಲ್ ಅಂತೂ, "ನನ್ನ ಕುದುರೆ ಮೂಸಿ ಬಿಟ್ಟದ್ದನ್ನ ನಾನು ತಿನ್ನಲಾ?" ಅಂತ ಕೇಳುವ ಮನುಷ್ಯ.

ಬೆಳೆಯುವುದಕ್ಕೇನು, ಬೆಳೆಯುತ್ತೇವೆ. ಮಾರುವಾಗಲೇ ನಮ್ಮ ಬಂಡವಾಳ ಬಯಲಾಗುವುದು. ಪಟ್ಟಣದ ಖರೀದಿದಾರ ಮೇದೆರ್‌ಬೆಕ್ ಅಕ್ಟೋಬರಿನಲ್ಲಿ, ನಮಗೆಲ್ಲ ಚಳಿಗಾಲದ ಕಲ್ಲಿದ್ದಲು ಕೊಳ್ಳುವ ಅವಸರ ಹತ್ತಿದಾಗಲೇ ಸರಿಯಾಗಿ ಲಾರಿ ತರುತ್ತಿದ್ದ. ಮೊದಲು ಬೀದಿಯಲ್ಲಿ ಯಾರು ಮೆತ್ತಗಿದ್ದಾರೋ ಅವರ ಗೇಟು. ಅಲ್ಲಿ ಕಿಲೋಗೆ ಐವತ್ತು ಸೋಮ್‌ಗೆ ಮುಗಿಸಿ ಪಕ್ಕದ ಗೇಟಿಗೆ ಬಂದು, "ಆಚೆಮನೆಯವರು ಐವತ್ತಕ್ಕೆ ಕೊಟ್ರು, ನಿಮ್ಮದೇನು ಚಿನ್ನದ ಕಾಳಾ?" ಅನ್ನುತ್ತಿದ್ದ. ತಕ್ಕಡಿಯೂ ಅವನದೇ, ಮಾತೂ ಅವನದೇ. ಒಬ್ಬೊಬ್ಬರ ಹತ್ತಿರ ಇರುವುದು ಎಂಟೋ ಹತ್ತೋ ಚೀಲ, ಅದೂ ದೊಡ್ಡದು ಚಿಕ್ಕದು ಬೆರಕೆ. ಅಷ್ಟನ್ನು ಹೊತ್ತುಕೊಂಡು ಯಾರು ಎಲ್ಲಿಗೆ ಹೋಗಬೇಕು?

ಆ ವರ್ಷ ಎಜೆ ಹನ್ನೊಂದು ಮನೆಯವರನ್ನೂ ಅಂಗಳದಲ್ಲಿ ಕೂರಿಸಿದಳು. "ಎಲ್ಲರ ಕಾಳೂ ಇಲ್ಲಿಗೆ ಬರಲಿ. ದೊಡ್ಡ ಬಿಳೀದು ಮಾತ್ರ. ತಕ್ಕಡಿ ನಮ್ಮದು. ಎಪ್ಪತ್ತು ಸೋಮ್. ಕಡಿಮೆಗೆ ಒಂದು ಕಾಳೂ ಗೇಟು ದಾಟಲ್ಲ. ಮನೇಲಿ ಯಾರೂ ಏನೂ ಉಳಿಸ್ಕೋಬಾರದು, ಕೇಳಿಸ್ತಾ?" ಕೇಳಿಸಿತು. ಎಲ್ಲರೂ ತಲೆಯಾಡಿಸಿದೆವು.

ಒಂಬತ್ತು ದಿನ ಹೆಂಗಸರೆಲ್ಲ ಕೂತು ಕಾಳು ಆರಿಸಿದೆವು. ಬೆನ್ನು ಬಿದ್ದುಹೋಯಿತು. ಬಾಯಿ ಮಾತ್ರ ನಿಲ್ಲಲಿಲ್ಲ, ಊರಿನ ಒಬ್ಬ ಸೊಸೆಯನ್ನೂ ಬಿಡಲಿಲ್ಲ. ಕಡೆಗೆ ನೂರ ಎರಡು ಚೀಲ ನಿಂತವು, ಪ್ರತಿ ಚೀಲದ ಮೇಲೂ ಆಯಾ ಮನೆಯ ಸೀಮೆಸುಣ್ಣದ ಗುರುತು. ಮೇದೆರ್‌ಬೆಕ್ ಬರಿಗೈಲಿ ಹೋದ ಅಂದರೆ ಮರುದಿನವೇ ಪ್ರತಿಯೊಬ್ಬರೂ ತಮ್ಮ ಚೀಲ ಎಳೆದುಕೊಂಡು ಹೋಗುತ್ತಾರೆ, ಇನ್ನು ಈ ಜನ್ಮದಲ್ಲಿ ಯಾರೂ ಒಟ್ಟಿಗೆ ಮಾರುವ ಮಾತೆತ್ತುವುದಿಲ್ಲ ಅಂತ ನಮಗೂ ಗೊತ್ತಿತ್ತು, ಎಜೆಗೂ ಗೊತ್ತಿತ್ತು.

ಬಂದ. ಚೀಲದ ಸಾಲು ನೋಡಿದವನ ಮುಖ ಹುಳ್ಳಗಾಯಿತು. ಒಂದರಲ್ಲಿ ಕೈ ಹಾಕಿ ಮೂಗು ಮುರಿದ.

"ಎಜೆ, ಹೋದ ವರ್ಷದ್ದು ಬೆರೆಸಿದೀರಿ. ಹಳೇ ಕಾಳು ಬೇಯಲ್ಲ. ತುರ್ಕಿಯವರು ನನ್ನ ಮುಖಕ್ಕೆ ಎಸೀತಾರೆ. ಐವತ್ತು."

ಇದು ಅವನು ಪ್ರತಿ ವರ್ಷ ಪ್ರತಿ ಗೇಟಿನಲ್ಲೂ ಹಾಡುವ ಹಾಡು. ನನಗೆ ಮೈಯೆಲ್ಲ ಉರಿಯಿತು. ಎಜೆ ಮಾತ್ರ ತಣ್ಣಗೆ, "ಮೊದಲು ರೊಟ್ಟಿ ಮುರಿಯಪ್ಪ" ಅಂದಳು.

ರೊಟ್ಟಿಗೆ ಬೇಡ ಅನ್ನುವ ಹಾಗಿಲ್ಲ, ಎಂಥ ಶತ್ರುವಾದರೂ ಒಂದು ಚೂರು ಬಾಯಿಗಿಟ್ಟೇ ಹೋಗಬೇಕು. ಇಟ್ಟ, ಲಾರಿ ಕಡೆ ತಿರುಗಿದ.

"ರೊಟ್ಟಿ ಚೂರು ಬಾಗಿಲಲ್ಲಿ ನಿಂತವರಿಗೆ. ನೀನು ಅಂಗಳದೊಳಕ್ಕೆ ಬಂದಿದೀಯ, ಊಟ ಮಾಡದೆ ಹೋದ್ರೆ ನನಗೆ ಅವಮಾನ."

"ಏನೂಟ, ಎಜೆ?"

"ಬೇಯಲ್ಲ ಅಂದೆಯಲ್ಲ, ಅದೇ. ಮೂರು ಚೀಲ ನೀನೇ ಆರಿಸು."

ಹನ್ನೊಂದು ಮನೆಯವರ ಎದುರು ಊಟ ಬೇಡ ಅನ್ನುವ ಧೈರ್ಯ ಅವನಿಗಾಗಲಿಲ್ಲ. ಮೂರು ಚೀಲ ತೋರಿಸಿದ. ಎಜೆ ಮೂರರಿಂದಲೂ ಹಿಡಿ ಹಿಡಿ ತೆಗೆದು, ಬೇರೆ ಬೇರೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಕೆಂಪು, ನೀಲಿ, ಕಪ್ಪು ದಾರ ಸುತ್ತಿ ದೊಡ್ಡ ಕಡಾಯಿಯ ನೀರಿಗೆ ಬಿಟ್ಟಳು. ಎರಡು ಗಂಟೆ ಚಹಾ ಕುಡಿದೆವು. ಮೇದೆರ್‌ಬೆಕ್ ಹೊತ್ತು ನೋಡಿಕೊಳ್ಳುತ್ತಿದ್ದ. ಕದಿರ್‌ಕುಲ್ ಅಣ್ಣ ಕುದುರೆಗೆ ನೀರು ತೋರಿಸುತ್ತೇನೆ ಅಂತ ಮೂರು ಸಲ ಎದ್ದು ಹೋದ. ಎಷ್ಟು ನೀರು ಕುಡಿಯುತ್ತದೋ ಆ ಕುದುರೆ ಅಂದುಕೊಂಡೆ.

ಕೆಂಪು ದಾರದ್ದು ಬಿಚ್ಚಿದಳು. ಬೆರಳಲ್ಲಿ ಒತ್ತಿದರೆ ಬೆಣ್ಣೆ. ನೀಲಿಯೂ ಹಾಗೇ. ಕಪ್ಪು ದಾರದ್ದನ್ನು ಮೇದೆರ್‌ಬೆಕ್ ತಾನೇ ಬಿಚ್ಚಿ ಬಾಯಿಗೆ ಹಾಕಿಕೊಂಡ. ಕಟಕ್ ಅಂತ ಶಬ್ದ ನಮಗೆಲ್ಲ ಕೇಳಿಸಿತು.

"ಹಲ್ಲು ಹೋಗ್ತಿತ್ತಲ್ಲ ಎಜೆ!" ಅಂತ ಜೋರಾಗಿ ನಕ್ಕ. "ಯಾರದಿದು?"

ಚೀಲದ ಗುರುತು ನೋಡಿದೆವು. ಎಜೆಯ ಮನೆಯದೇ.

ಎಜೆ ಗಂಡನ ಕಡೆ ತಿರುಗಿದಳು. "ಏನ್ ಮಾಡಿದ್ರಿ?"

"ಹೋದ ವರ್ಷದ್ದು ಎರಡು ಚೀಲ ಕೊಟ್ಟಿಗೇಲಿ ಉಳಿದಿತ್ತಲ್ಲ... ಸ್ವಲ್ಪ ಸ್ವಲ್ಪ ಬೆರೆಸಿಬಿಟ್ಟೆ. ಅದೂ ಬಿಳೀನೇ ಇತ್ತು. ಕಾಳು ಅಂದ್ರೆ ಎಲ್ಲಾ ಒಂದೇ ಅಲ್ವೇನೆ?"

ಮೂವತ್ತು ವರ್ಷ ಕಾಳು ಬೆಳೆದ ಮನುಷ್ಯ! ಬೈಯಬೇಕು ಅನ್ನಿಸಿತು, ಆದರೆ ಯಾವ ಬಾಯಲ್ಲಿ ಬೈಯಲಿ? ನನ್ನ ಮನೆಯಲ್ಲಿ ಉಳಿದಿದ್ದರೆ ನಾನೂ ಬೆರೆಸುತ್ತಿದ್ದೆ. ಒಂದು ದಿನವಾದರೂ ಬೇಯಿಸಿ ತಿಂದಿದ್ದರೆ ತಾನೇ ಗೊತ್ತಾಗುವುದು.

ಎಜೆಯ ಕಿವಿತುದಿ ಕೆಂಪಾಗಿತ್ತು. ಅವಳು ಅಷ್ಟು ಕುಗ್ಗಿದ್ದು ನಾನು ಹಿಂದೆಂದೂ ನೋಡಿರಲಿಲ್ಲ, ಅಯ್ಯೋ ಅನ್ನಿಸಿತು. ಒಂದೇ ಗಳಿಗೆ ಅಷ್ಟೆ. ಸೊಂಟಕ್ಕೆ ಕಟ್ಟಿದ್ದ ಬಟ್ಟೆಯಲ್ಲಿ ಕೈ ಒರೆಸಿಕೊಂಡು, "ನಮ್ಮ ಮನೆಯ ಹದಿನಾಲ್ಕು ಚೀಲವನ್ನೂ ಆಚೆ ಎಳೀರಿ" ಅಂದಳು.

ಅವರ ಇಡೀ ವರ್ಷದ ಬೆಳೆ ಅದು. ನಾನೇ ಬಾಯಿ ಹಾಕಿದೆ. "ಎಜೆ, ಬೆರೆಸದೇ ಇರೋ ಚೀಲಾನೂ ಇರಬಹುದು."

"ಇರಬಹುದು ಅನ್ನೋದನ್ನ ನಾನು ಮಾರಲ್ಲ, ಸಾಯ್ಕಲ್." ಆಮೇಲೆ ಮೇದೆರ್‌ಬೆಕ್‌ಗೆ, "ಉಳಿದದ್ದು ಎಂಬತ್ತೆಂಟು. ಎಪ್ಪತ್ತು ಸೋಮ್. ಅನುಮಾನ ಇದ್ರೆ ಇನ್ನೂ ಆರಿಸು, ಒಲೆ ಉರೀತಾನೇ ಇದೆ."

ಅವನು ನಗು ನಿಲ್ಲಿಸಿದ. ಬೆಂದ ಕಾಳನ್ನು ಇನ್ನೊಂದು ಹಿಡಿ ತೆಗೆದುಕೊಂಡು ತಿನ್ನುತ್ತಾ ಪಕ್ಕಕ್ಕೆ ಬಿದ್ದಿದ್ದ ಹದಿನಾಲ್ಕು ಚೀಲವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ತನ್ನ ಹಮಾಲಿಗಳಿಗೆ ಕೂಗಿದ. "ತುಂಬ್ರೋ! ಎಪ್ಪತ್ತು. ತಕ್ಕಡಿ ಅವರದೇ ಇರಲಿ."

ಅಂಗಳದಲ್ಲಿ ಕೇಕೆ ಎದ್ದಿತು. ನಾನು ಮಾತ್ರ ಹಿಂದಿನ ಗೇಟಿನಿಂದ ಮೆಲ್ಲಗೆ ಮನೆಗೆ ಬಂದೆ. ಈಗ ಹೇಳಿಬಿಡುತ್ತೇನೆ. ಕುರಿಗಳ ಹುಲ್ಲಿನಡಿ ನಾಲ್ಕು ಚೀಲ ಬಚ್ಚಿಟ್ಟಿದ್ದೆ. ಎಜೆಯ ಯೋಜನೆ ಕೆಟ್ಟರೆ ಇರಲಿ ಅಂತ. ಅವಳ ಎದುರು ತಲೆಯಾಡಿಸಿದ ದಿನವೇ ಬಚ್ಚಿಟ್ಟದ್ದು. ಕೈಗಾಡಿಗೆ ಹಾಕಿ ತಳ್ಳಿಕೊಂಡು ವಾಪಸ್ ಬಂದೆ. ಬೀದಿಯೆಲ್ಲ ನೋಡುತ್ತಿತ್ತು. ನಾಚಿಕೆಯಿಂದ ಸತ್ತೇಹೋಗುವ ಹಾಗಾಯಿತು.

"ಎಜೆ, ಇವು ನನ್ನವು."

ಅವಳು ಚೀಲ ನೋಡಿದಳು, ಅದಕ್ಕಂಟಿದ ಹುಲ್ಲು ನೋಡಿದಳು, ನನ್ನನ್ನು ನೋಡಿದಳು. ಒಂದರ ಬಾಯಿ ಬಿಚ್ಚಿ ಹಿಡಿ ಕಾಳು ತೆಗೆದಳು.

"ಈ ವರ್ಷದ್ದೇನಾ?"

"ಹೌದು ಎಜೆ. ಆಣೆಗೂ."

"ಆಣೆ ಬೇಡ. ಹೋಗು, ಒಲೆಗೆ ಸೌದೆ ಹಾಕು."

ನಾನು ಸೌದೆಗೆ ಬಗ್ಗುವಷ್ಟರಲ್ಲಿ ಇನ್ನೂ ಎರಡು ಕೈಗಾಡಿಗಳು ಗೇಟಿನೊಳಗೆ ಬಂದವು.